ರಿಯಾಕ್ಟರ್ ಹೊತ್ತಿಸುವುದು, ನಡೆಸುವುದು, ನಿಲ್ಲಿಸುವುದು: ಕಂಟ್ರೋಲ್ ರೂಮಿಗೆ ಬರುವ ಹೊಸಬರಿಗೆ

ಸಿಮ್ಯುಲೇಟರ್ ತರಬೇತಿಗೆ ಬರುವ ಹೊಸಬರಿಗೆಲ್ಲ ಒಂದೇ ಆತುರ. ರಿಯಾಕ್ಟರ್ ಸ್ಟಾರ್ಟ್ ಮಾಡೋದು ಯಾವಾಗ ಕಲಿಸ್ತೀರಿ ಅಂತ ಮೊದಲ ದಿನವೇ ಕೇಳುತ್ತಾರೆ. ಕಲಿಸುತ್ತೇನೆ, ಅದೇನು ಮಹಾ ಕಷ್ಟದ್ದಲ್ಲ. 1942ರಲ್ಲೇ ಕೈಯಿಂದ ರಾಡ್ ಎಳೆದು ಮಾಡಿ ತೋರಿಸಿದ್ದಾರೆ. ಕಷ್ಟ ಇರುವುದು ನಿಲ್ಲಿಸಿದ ಮೇಲೂ ಬರುತ್ತಲೇ ಇರುವ ಬಿಸಿಯನ್ನು ಸಂಭಾಳಿಸುವುದರಲ್ಲಿ. ಹಾಗಾಗಿ ಮುಂದೆ ಹೇಳುವ ಯಾವ ಹಂತಕ್ಕೇ ಬನ್ನಿ, ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಬಿಸಿ ಈಗ ಎಲ್ಲಿಗೆ ಹೋಗುತ್ತಿದೆ?

ನಾನು ಹೇಳುವುದು ಒತ್ತಡದ ನೀರಿನ ರಿಯಾಕ್ಟರ್ ಬಗ್ಗೆ. ಜಗತ್ತಿನಲ್ಲಿ ಜಾಸ್ತಿ ಇರುವುದು ಇದೇ ಜಾತಿ. ಬೇರೆ ಜಾತಿಯಲ್ಲಿ ಅಂಕಿಗಳು ಬದಲಾಗುತ್ತವೆ, ತತ್ವ ಅಷ್ಟಾಗಿ ಬದಲಾಗುವುದಿಲ್ಲ.

ಮೊದಲು ಯಂತ್ರದ ಪರಿಚಯ

ಇಂಧನದಿಂದ ಶುರು ಮಾಡಿ. ಅದು ಸುಮಾರು 8 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಒಂದು ಕಪ್ಪು ಬಿಲ್ಲೆ. ಯುರೇನಿಯಂ ಆಕ್ಸೈಡ್ ಪುಡಿಯನ್ನು ಒತ್ತಿ, ಸುಟ್ಟು ಗಟ್ಟಿ ಮಾಡಿರುತ್ತಾರೆ. ಹೊಸ ಬಿಲ್ಲೆಯನ್ನು ಗ್ಲೌಸ್ ಹಾಕಿ ಕೈಯಲ್ಲೇ ಹಿಡಿಯಬಹುದು. ರಿಯಾಕ್ಟರಿನಲ್ಲಿ ಉರಿದು ಬಂದ ಬಿಲ್ಲೆಯ ಹತ್ತಿರ ಸುಳಿಯುವಂತೆಯೂ ಇಲ್ಲ. ನೆಲದಿಂದ ಸಿಗುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಬರೀ ಶೇ. 0.7. ನಮ್ಮ ರಿಯಾಕ್ಟರಿಗೆ ಅದನ್ನು ಶೇ. 3ರಿಂದ 5ಕ್ಕೆ ಏರಿಸಿರಬೇಕು. ಈ ಬಿಲ್ಲೆಗಳನ್ನು ಸುಮಾರು 4 ಮೀಟರ್ ಉದ್ದದ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗೆ ತುಂಬುತ್ತಾರೆ. ಅಂಥ ಇನ್ನೂರು ಚಿಲ್ಲರೆ ಕೊಳವೆ ಸೇರಿದರೆ ಒಂದು ಕಟ್ಟು. ಇಂಥ ನೂರಾರು ಕಟ್ಟುಗಳು ದಪ್ಪ ಉಕ್ಕಿನ ಪಾತ್ರೆಯೊಳಗೆ ನಿಂತಿರುತ್ತವೆ.

ನೀರಿನ ಸುತ್ತು ಮೂರು. ಮೊದಲನೆಯದು ಇಂಧನವನ್ನು ಮುಟ್ಟಿ ಹೋಗುವ ನೀರು. ಒತ್ತಡ ಸುಮಾರು 155 ಬಾರ್, ಒಳಗೆ ಹೋಗುವಾಗ 290 ಡಿಗ್ರಿ, ಹೊರಗೆ ಬರುವಾಗ 325 ಡಿಗ್ರಿ. ಅಷ್ಟು ಒತ್ತಡ ಇರುವುದರಿಂದಲೇ ಅದು ಕುದಿಯುವುದಿಲ್ಲ. ಈ ನೀರು ಸ್ಟೀಮ್ ಜನರೇಟರಿನ ಸಣ್ಣ ಕೊಳವೆಗಳಲ್ಲಿ ಹರಿದು ತನ್ನ ಬಿಸಿಯನ್ನು ಎರಡನೇ ಸುತ್ತಿನ ನೀರಿಗೆ ಕೊಡುತ್ತದೆ. ಎರಡನೆಯದು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ. ಮೂರನೆಯದು ಸಮುದ್ರದ್ದೋ, ನದಿಯದ್ದೋ, ಕೂಲಿಂಗ್ ಟವರಿನದ್ದೋ ನೀರು. ಕೆಲಸ ಮುಗಿಸಿದ ಆವಿಯನ್ನು ತಣ್ಣಗೆ ಮಾಡಿ ಮತ್ತೆ ನೀರಾಗಿಸುತ್ತದೆ. ಟವರಿನ ಮೇಲೆ ಕಾಣುವ ಬಿಳಿ ಮೋಡ ಬರೀ ನೀರಾವಿ. ಅದು ಇಂಧನದ ಹತ್ತಿರ ಹೋಗಿ ಬಂದದ್ದೇ ಅಲ್ಲ. ಫೋಟೋ ನೋಡಿ ಗಾಬರಿಯಾಗುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಒಂದು ಲೆಕ್ಕ ಬಾಯಿಪಾಠ ಇರಲಿ. 1000 ಮೆಗಾವ್ಯಾಟ್ ಕರೆಂಟ್ ಬರಬೇಕಾದರೆ ರಿಯಾಕ್ಟರ್ ಸುಮಾರು 3000 ಮೆಗಾವ್ಯಾಟ್ ಬಿಸಿ ಕೊಡಬೇಕು. ಉಳಿದ ಎರಡು ಪಾಲು ಮೂರನೇ ಸುತ್ತಿನ ನೀರಿಗೆ ಹೋಗುತ್ತದೆ.

ಇದು ಬಂದ ದಾರಿ, ಚುಟುಕಾಗಿ

1938ರ ಕೊನೆಗೆ ಬರ್ಲಿನ್‌ನಲ್ಲಿ ಓಟೋ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆದಾಗ ಬೇರಿಯಂ ಸಿಕ್ಕಿತು. ಪರಮಾಣು ಒಡೆದಿದೆ ಎಂದು ಅದಕ್ಕೆ ಅರ್ಥ ಹೇಳಿದವರು ಲೀಸೆ ಮೈಟ್ನರ್ ಮತ್ತು ಓಟೋ ಫ್ರಿಶ್. ನಾಲ್ಕೇ ವರ್ಷದಲ್ಲಿ, 1942ರ ಡಿಸೆಂಬರ್ 2ರಂದು, ಶಿಕಾಗೋ ವಿಶ್ವವಿದ್ಯಾಲಯದ ಆಟದ ಮೈದಾನದ ಗ್ಯಾಲರಿ ಕೆಳಗೆ ಎನ್ರಿಕೋ ಫರ್ಮಿ ತಂಡ ಗ್ರಾಫೈಟ್ ಇಟ್ಟಿಗೆ ಪೇರಿಸಿ ಮೊದಲ ಸರಪಳಿ ಕ್ರಿಯೆ ನಡೆಸಿತು. ಅಂದರೆ ಒಂದು ಪರಮಾಣು ಒಡೆದಾಗ ಬರುವ ನ್ಯೂಟ್ರಾನ್ ಇನ್ನೊಂದನ್ನು ಒಡೆಯುತ್ತಾ ಹೋಗುವುದು. ಅವತ್ತು ಬಂದ ಶಕ್ತಿ ಅರ್ಧ ವ್ಯಾಟ್! 1951ರಲ್ಲಿ ಅಮೆರಿಕದ ಐಡಹೋದ ಒಂದು ಪ್ರಯೋಗದ ರಿಯಾಕ್ಟರ್ ನಾಲ್ಕು ಬಲ್ಬ್ ಬೆಳಗಿಸಿತು. 1954ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಓಬ್ನಿನ್ಸ್ಕ್ 5 ಮೆಗಾವ್ಯಾಟನ್ನು ಗ್ರಿಡ್ಡಿಗೆ ಕೊಟ್ಟಿತು. 1956ರಲ್ಲಿ ಇಂಗ್ಲೆಂಡಿನ ಕಾಲ್ಡರ್ ಹಾಲ್ ಬಂತು. ಹೆಸರಿಗೆ ವಿದ್ಯುತ್ ಸ್ಥಾವರ, ಆದರೆ ಬಾಂಬಿಗೆ ಪ್ಲುಟೋನಿಯಂ ಮಾಡುವ ಕೆಲಸವೂ ಅದರದ್ದೇ.

ನಮ್ಮ ಜಾತಿಯ ರಿಯಾಕ್ಟರ್ ಹುಟ್ಟಿದ್ದು ಸಬ್‌ಮರೀನಿನಲ್ಲಿ. ಅಮೆರಿಕದ ನೌಕಾಪಡೆಯ ಹೈಮನ್ ರಿಕೋವರ್‌ಗೆ ಚಿಕ್ಕ ಜಾಗದಲ್ಲಿ ಹಿಡಿಸುವ ಯಂತ್ರ ಬೇಕಿತ್ತು. ಅದೇ ವಿನ್ಯಾಸವನ್ನು ದಡಕ್ಕೆ ತಂದು 1957ರಲ್ಲಿ ಶಿಪ್ಪಿಂಗ್‌ಪೋರ್ಟ್ ಸ್ಥಾವರ ಮಾಡಿದರು. ಎಲ್ಲ ವಿನ್ಯಾಸಗಳನ್ನೂ ಪಕ್ಕದಲ್ಲಿಟ್ಟು ತೂಗಿ ನೋಡಿ ಇದನ್ನು ಆರಿಸಿದರು ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಮೊದಲು ತಯಾರಿದ್ದದ್ದು ಇದು, ಅದಕ್ಕೇ ಗೆದ್ದಿತು.

ಸ್ಟಾರ್ಟ್‌ಗೆ ಮೊದಲು ನೀರು ಕಾಯಿಸಿ

ಇದನ್ನು ಕೇಳಿ ಎಲ್ಲರೂ ಆಶ್ಚರ್ಯಪಡುತ್ತಾರೆ. ರಿಯಾಕ್ಟರಿನ ನೀರನ್ನು 290 ಡಿಗ್ರಿಗೆ ತರುವುದು ಯುರೇನಿಯಂ ಅಲ್ಲ, ಪಂಪುಗಳು. ಮೊದಲ ಸುತ್ತಿನ ಒಂದೊಂದು ಪಂಪೂ ಕೆಲವು ಮೆಗಾವ್ಯಾಟ್ ಎಳೆಯುತ್ತದೆ. ಅಷ್ಟು ಶಕ್ತಿ ನೀರನ್ನು ಕಡೆಯುತ್ತಾ ಕೊನೆಗೆ ಬಿಸಿಯಾಗಿಯೇ ಉಳಿಯುತ್ತದೆ. ಗಂಟೆಗಟ್ಟಲೆ ಪಂಪು ಓಡಿಸಿದರೆ ನೀರು ತಾನೇ ಕಾಯುತ್ತದೆ. ಆತುರ ಮಾಡಬೇಡಿ. ಗಂಟೆಗೆ ಇಷ್ಟೇ ಡಿಗ್ರಿ ಏರಬೇಕು ಎಂಬ ಮಿತಿ ಇದೆ. ಉಕ್ಕಿನ ಪಾತ್ರೆ ತಣ್ಣಗಿರುವಾಗ ಪೆಡಸಾಗಿರುತ್ತದೆ. ವರ್ಷಗಟ್ಟಲೆ ನ್ಯೂಟ್ರಾನ್ ಹೊಡೆತ ತಿಂದಿದ್ದರೆ ಇನ್ನೂ ಪೆಡಸು. ತಣ್ಣಗಿರುವಾಗ ಜಾಸ್ತಿ ಒತ್ತಡ ಕೊಟ್ಟರೆ ಬಿರುಕು ಬಿಡುವ ಭಯ ಇರುತ್ತದೆ.

ಈ ಹೊತ್ತಿನಲ್ಲಿ ನೀವು ನೋಡಬೇಕಾದ್ದು: ನ್ಯೂಟ್ರಾನ್ ನುಂಗಿ ಸರಪಳಿ ಕ್ರಿಯೆ ತಡೆಯುವ ಕಂಟ್ರೋಲ್ ರಾಡ್‌ಗಳೆಲ್ಲ ಒಳಗಿವೆಯಾ, ನೀರಿನಲ್ಲಿ ಬೋರಿಕ್ ಆಸಿಡ್ ಎಷ್ಟಿದೆ, ಡೀಸೆಲ್ ಜನರೇಟರ್‌ಗಳು ರೆಡಿ ಇವೆಯಾ. ಬೋರಾನ್ ನ್ಯೂಟ್ರಾನ್ ನುಂಗುತ್ತದೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ತಿಳಿ ಮಾಡುತ್ತಾ ಬಂದರೆ ರಾಡ್‌ಗಳಿಗೆ ಕೆಲಸ ಕಮ್ಮಿ. ಸ್ಯಾಂಪಲ್ ತೆಗೆದು ಲ್ಯಾಬಿನವರು ಕೊಟ್ಟ ಅಂಕಿ ಕೈಗೆ ಬರುವ ತನಕ ರಾಡ್ ಮುಟ್ಟುವಂತಿಲ್ಲ.

ಟಿಕ್ ಟಿಕ್ ಸದ್ದಿಗೆ ಕಿವಿ ಕೊಡಿ

ಈಗ ರಾಡ್ ಎಳೆಯುವ ಕೆಲಸ. ನನಗೆ ಇವತ್ತಿಗೂ ಇಷ್ಟದ ಭಾಗ ಇದು.

ಕಂಟ್ರೋಲ್ ರೂಮಿನಲ್ಲಿ ನ್ಯೂಟ್ರಾನ್ ಎಣಿಸುವ ಯಂತ್ರಕ್ಕೆ ಒಂದು ಸ್ಪೀಕರ್ ಇರುತ್ತದೆ. ಮೊದಲು ಬಿಡಿಬಿಡಿಯಾಗಿ ಟಿಕ್, ಟಿಕ್. ಒಂದು ಗುಂಪಿನ ರಾಡ್‌ಗಳನ್ನು ಕೆಲವು ಹೆಜ್ಜೆ ಮೇಲೆಳೆದು ನಿಲ್ಲಿಸಿ. ಸದ್ದು ಸ್ವಲ್ಪ ದಟ್ಟವಾಗುತ್ತದೆ, ಆಮೇಲೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆ ಎಣಿಕೆಯನ್ನು ಬರೆದುಕೊಳ್ಳಿ. ಮೊದಲ ಎಣಿಕೆಯನ್ನು ಈಗಿನ ಎಣಿಕೆಯಿಂದ ಭಾಗಿಸಿ. ಸೆಕೆಂಡಿಗೆ 10 ಇದ್ದದ್ದು 20 ಆದರೆ ಅರ್ಧ, 40 ಆದರೆ ಕಾಲು. ಅದನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿ, ರಾಡ್ ಎಷ್ಟು ಎತ್ತರಕ್ಕೆ ಬಂದಿದೆಯೋ ಅದರ ಎದುರಿಗೆ. ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದು ಮುಂದಕ್ಕೆ ಚಾಚಿದರೆ ಅದು ಸೊನ್ನೆ ಮುಟ್ಟುವ ಜಾಗದಲ್ಲಿ ರಿಯಾಕ್ಟರ್ ಕ್ರಿಟಿಕಲ್ ಆಗುತ್ತದೆ, ಅಂದರೆ ಸರಪಳಿ ಕ್ರಿಯೆ ತನ್ನಷ್ಟಕ್ಕೇ ನಡೆಯುತ್ತದೆ. ಕಂಪ್ಯೂಟರ್ ಈ ಗ್ರಾಫನ್ನು ತಾನೇ ಬರೆದು ಕೊಡುತ್ತದೆ, ನಿಜ. ಆದರೂ ನಾನು ಹೊಸಬರ ಕೈಯಲ್ಲಿ ಪೆನ್ಸಿಲ್ಲಿನಿಂದಲೇ ಬರೆಸುತ್ತೇನೆ. ಗೆರೆ ಬಾಗುವುದನ್ನು ಕೈ ನೋಡಬೇಕು.

ಒಂದು ಲೆಕ್ಕ ಇಟ್ಟುಕೊಳ್ಳಿ. ಎಣಿಕೆ ಒಂದು ಸಲ ದುಪ್ಪಟ್ಟಾದರೆ, ಉಳಿದ ದೂರದಲ್ಲಿ ಅರ್ಧ ಮುಗಿಯಿತು. ಐದಾರು ಸಲ ದುಪ್ಪಟ್ಟಾಗಿದೆ ಅಂದರೆ ಬಾಗಿಲಲ್ಲೇ ನಿಂತಿದ್ದೀರಿ. ಇನ್ನೊಂದು ಗುರುತು ಕಾಯುವ ಹೊತ್ತು. ಹತ್ತಿರ ಬಂದಷ್ಟೂ ಎಣಿಕೆ ಒಂದು ಮಟ್ಟಕ್ಕೆ ಬರಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಹೊಸಬರಿಗೆ ತಾಳ್ಮೆ ಕೆಡುವುದು ಇಲ್ಲೇ. ಏರುತ್ತಲೇ ಇರುವ ಎಣಿಕೆಯನ್ನು ನಿಂತಿದೆ ಅಂದುಕೊಂಡು ಮತ್ತೆ ರಾಡ್ ಎಳೆಯಲು ಕೈ ಚಾಚುತ್ತಾರೆ. ಕೈ ಕಟ್ಟಿಕೊಂಡು ಕೂತಿರಿ.

ರಾಡ್ ಮುಟ್ಟದೇ ಇದ್ದರೂ ಎಣಿಕೆ ಒಂದೇ ಸಮನೆ ಏರುತ್ತಲೇ ಇದ್ದರೆ, ಆಯಿತು, ರಿಯಾಕ್ಟರ್ ಕ್ರಿಟಿಕಲ್. ಅದನ್ನು ಗಟ್ಟಿಯಾಗಿ ಹೇಳಿ, ಲಾಗ್ ಪುಸ್ತಕದಲ್ಲಿ ಸಮಯ ಬರೆಯಿರಿ. ನಿಮಿಷಕ್ಕೆ ಹತ್ತು ಪಟ್ಟಿಗಿಂತ ವೇಗವಾಗಿ ಏರಲು ಬಿಡಬೇಡಿ.

ಇದು ಮನುಷ್ಯರ ಕೈಗೆ ನಿಲುಕುವ ವೇಗದಲ್ಲಿ ನಡೆಯುವುದಕ್ಕೆ ಕಾರಣ ಒಂದು ಚಿಕ್ಕ ಪಾಲು. ಯುರೇನಿಯಂ-235 ಒಡೆದಾಗ ಬರುವ ನ್ಯೂಟ್ರಾನ್‌ಗಳಲ್ಲಿ ಶೇ. 99ಕ್ಕೂ ಜಾಸ್ತಿ ಆ ಕ್ಷಣದಲ್ಲೇ ಹೊರಬರುತ್ತವೆ. ಶೇ. 0.65ರಷ್ಟು ಮಾತ್ರ ತಡವಾಗಿ ಬರುತ್ತವೆ, ಕೆಲವು ಒಂದು ನಿಮಿಷದಷ್ಟು ತಡವಾಗಿ. ರಿಯಾಕ್ಟರನ್ನು ಈ ತಡವಾಗಿ ಬರುವ ನ್ಯೂಟ್ರಾನ್‌ಗಳ ಮೇಲೇ ನಡೆಸುತ್ತೇವೆ. ಅವು ಇರದಿದ್ದರೆ ಯಾವ ರಾಡೂ ಸಾಕಷ್ಟು ಬೇಗ ಓಡುತ್ತಿರಲಿಲ್ಲ.

ಟರ್ಬೈನ್, ಆಮೇಲೆ ಗ್ರಿಡ್

ಶಕ್ತಿ ಸ್ವಲ್ಪ ಏರಿದ ಮೇಲೆ ಯುರೇನಿಯಂನ ಬಿಸಿ ನೀರಿನಲ್ಲಿ ಗೊತ್ತಾಗಲು ಶುರುವಾಗುತ್ತದೆ. ಇಲ್ಲಿಂದ ಮುಂದೆ ರಿಯಾಕ್ಟರ್ ನಿಮಗೆ ಸಹಾಯ ಮಾಡುತ್ತದೆ. ನೀರು ಬಿಸಿಯಾದರೆ ಹಗುರವಾಗುತ್ತದೆ, ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ಕೆಲಸ ಅದಕ್ಕೆ ಸರಿಯಾಗಿ ಆಗುವುದಿಲ್ಲ, ಶಕ್ತಿ ತಾನೇ ಇಳಿಯುತ್ತದೆ. ಟರ್ಬೈನ್ ಜಾಸ್ತಿ ಆವಿ ಎಳೆದರೆ ನೀರು ತಣ್ಣಗಾಗಿ ಶಕ್ತಿ ತಾನೇ ಏರುತ್ತದೆ.

ಟರ್ಬೈನ್ ಶಾಫ್ಟ್ ಹತ್ತಾರು ಮೀಟರ್ ಉದ್ದ. ಸುಮ್ನೆ ನಿಂತಿದ್ದರೆ ತನ್ನ ಭಾರಕ್ಕೇ ಸ್ವಲ್ಪ ಬಾಗುತ್ತದೆ. ಅದಕ್ಕೇ ಆವಿ ಬಿಡುವ ಮೊದಲು ಮೋಟರ್ ಹಾಕಿ ನಿಧಾನವಾಗಿ ಗಂಟೆಗಟ್ಟಲೆ ತಿರುಗಿಸುತ್ತಿರುತ್ತಾರೆ. ಆಮೇಲೆ ಆವಿ ಕೊಟ್ಟು ಪೂರ್ತಿ ವೇಗಕ್ಕೆ ತರಬೇಕು. 50 ಹರ್ಟ್ಸ್ ಗ್ರಿಡ್ಡಿಗೆ ಇಂಥ ದೊಡ್ಡ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು.

ಗ್ರಿಡ್ಡಿಗೆ ಸೇರಿಸುವಾಗ ಸಿಂಕ್ರೋಸ್ಕೋಪ್ ನೋಡಿ. ಗಡಿಯಾರದಂಥ ಡಯಲ್, ಒಂದೇ ಮುಳ್ಳು. ನಮ್ಮ ಜನರೇಟರ್ ಗ್ರಿಡ್ಡಿಗಿಂತ ಕೂದಲೆಳೆಯಷ್ಟು ವೇಗದಲ್ಲಿದ್ದರೆ ಮುಳ್ಳು ಬಲಕ್ಕೆ ನಿಧಾನವಾಗಿ ತಿರುಗುತ್ತದೆ. ಹನ್ನೆರಡರ ಜಾಗಕ್ಕೆ ಬರಲು ಇನ್ನೇನು ಸ್ವಲ್ಪ ಇದೆ ಅನ್ನುವಾಗ ಬ್ರೇಕರ್ ಹಾಕಿ. ಬ್ರೇಕರ್ ಕೂಡುವುದಕ್ಕೂ ಒಂದು ಕ್ಷಣ ಬೇಕಲ್ವಾ. ಮುಳ್ಳು ಎಡಕ್ಕೆ ತಿರುಗುವಾಗ ಹಾಕಿದರೆ ಗ್ರಿಡ್ಡೇ ನಮ್ಮ ಜನರೇಟರನ್ನು ಮೋಟರಿನ ಹಾಗೆ ಎಳೆಯುತ್ತದೆ. ಮುಳ್ಳು ಆರರ ಜಾಗದಲ್ಲಿದ್ದಾಗ ಹಾಕಿದರೆ ಶಾಫ್ಟಿಗೆ ಬೀಳುವ ತಿರುಚು ಹೊಡೆತ ಯಂತ್ರವನ್ನೇ ಕೆಡಿಸಬಹುದು.

ನಡೆಸುವುದು: ಬೇಜಾರಿನ ಕೆಲಸ, ಹಾಗೇ ಇರಲಿ

ಪೂರ್ತಿ ಶಕ್ತಿಗೆ ಬಂದ ಮೇಲೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಆಗಬಾರದು ಕೂಡ. ನಮ್ಮ ಜಾತಿಯ ರಿಯಾಕ್ಟರ್ ಒಂದೂವರೆ ವರ್ಷಕ್ಕೋ ಎರಡು ವರ್ಷಕ್ಕೋ ಇಂಧನ ಬದಲಾಯಿಸಲು ನಿಲ್ಲಲೇಬೇಕು. ಭಾರಜಲದ ರಿಯಾಕ್ಟರಿಗೆ ಆ ತಾಪತ್ರಯ ಇಲ್ಲ, ಓಡುತ್ತಿರುವಾಗಲೇ ಇಂಧನ ಬದಲಾಯಿಸಬಹುದು. ಕೈಗಾದ ಮೊದಲ ಘಟಕ 2018ರ ಕೊನೆಯ ದಿನದವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತ್ತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ 1106 ದಿನಕ್ಕೆ ಒಯ್ದು ಅದನ್ನು ಮುರಿಯಿತು.

ಮಾತಾಡುವುದಕ್ಕೂ ಒಂದು ರೀತಿ ಇದೆ. ಮೇಲ್ವಿಚಾರಕರು "ಎರಡನೇ ಚಾರ್ಜಿಂಗ್ ಪಂಪ್ ಸ್ಟಾರ್ಟ್ ಮಾಡಿ" ಅನ್ನುತ್ತಾರೆ. ನೀವು "ಎರಡನೇ ಚಾರ್ಜಿಂಗ್ ಪಂಪ್ ಸ್ಟಾರ್ಟ್ ಮಾಡುತ್ತೇನೆ" ಎಂದು ಪೂರ್ತಿ ತಿರುಗಿ ಹೇಳಬೇಕು. ಅವರು "ಸರಿ" ಅನ್ನಬೇಕು. ಆಮೇಲೆ ಸ್ವಿಚ್ಚಿನ ಮೇಲೆ ಬೆರಳಿಟ್ಟು ಹೆಸರು ಓದಿ, ನಂತರ ತಿರುಗಿಸಿ. ಮೊದಲ ವಾರ ನಾಟಕದ ಡೈಲಾಗ್ ಹೇಳಿದ ಹಾಗೆ ನಾಚಿಕೆಯಾಗುತ್ತದೆ. ಪಕ್ಕಪಕ್ಕ ಒಂದೇ ಥರದ ನಾಲ್ಕು ಸ್ವಿಚ್ ಕಂಡ ದಿನ ನಾಚಿಕೆ ಹೋಗುತ್ತದೆ.

ನಡೆಸುವಾಗ ಮರೆಯಬಾರದ ಒಂದು ಹೆಸರು ಕ್ಸೆನಾನ್-135. 1944ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ದೊಡ್ಡ ರಿಯಾಕ್ಟರ್ ಒಂದು ಹೊತ್ತಿತು. ಕೆಲವು ಗಂಟೆ ಚೆನ್ನಾಗಿ ಓಡಿ ತಾನೇ ಸತ್ತುಹೋಯಿತು. ಮರುದಿನ ತಾನೇ ಎದ್ದಿತು, ಮತ್ತೆ ಸತ್ತಿತು. ಯುರೇನಿಯಂ ಒಡೆದಾಗ ಅಯೋಡಿನ್-135 ಬರುತ್ತದೆ, ಅದು ಗಂಟೆಗಳಲ್ಲಿ ಕ್ಸೆನಾನ್ ಆಗುತ್ತದೆ, ಕ್ಸೆನಾನ್ ನ್ಯೂಟ್ರಾನ್‌ಗಳನ್ನು ಗಬಗಬನೆ ನುಂಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕ್ಷಯಿಸಲು ಬೇಕಾದ ಹೊತ್ತು, ಸುಮಾರು 9 ಗಂಟೆ. ವಿಜ್ಞಾನಿಗಳು 1500 ಇಂಧನ ಕೊಳವೆ ಸಾಕು ಅಂದಿದ್ದರೂ ಅಲ್ಲಿನ ಎಂಜಿನಿಯರುಗಳು 2004 ಕೊಳವೆಗೆ ಜಾಗ ಬಿಟ್ಟಿದ್ದರು. ಉಳಿದವಕ್ಕೂ ಇಂಧನ ತುಂಬಿ ಕ್ಸೆನಾನನ್ನು ಮೀರಿಸಿದರು.

ನಿಮಗೆ ಇದರಿಂದ ಬೇಕಾದ್ದು ಇಷ್ಟು: ಪೂರ್ತಿ ಶಕ್ತಿಯಿಂದ ಇಳಿಸಿದರೆ ಕ್ಸೆನಾನ್ ಹತ್ತು ಹನ್ನೊಂದು ಗಂಟೆ ಏರುತ್ತದೆ, ಎರಡು ಮೂರು ದಿನದಲ್ಲಿ ಕರಗುತ್ತದೆ. ಆ ಹೊತ್ತಿನಲ್ಲಿ ಹೇಗಾದರೂ ಮಾಡಿ ಎಬ್ಬಿಸಬೇಕು ಅಂತ ಹಟಕ್ಕೆ ಬೀಳಬೇಡಿ. 1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್‌ನಲ್ಲಿ ಆದದ್ದು ಹಾಗೇ. ರಿಯಾಕ್ಟರಿನ ಶಕ್ತಿ ಇಳಿಸಿ ಒಂದು ಪರೀಕ್ಷೆ ಮಾಡಬೇಕಿತ್ತು. ಗ್ರಿಡ್‌ನವರು ಕರೆಂಟ್ ಬೇಕು ಅಂದಿದ್ದರಿಂದ ಅದು ಗಂಟೆಗಟ್ಟಲೆ ಮುಂದೆ ಹೋಯಿತು. 700 ಮೆಗಾವ್ಯಾಟ್ ಬಿಸಿಯಲ್ಲಿ ನಡೆಸಬೇಕಿದ್ದ ಪರೀಕ್ಷೆಯ ಹೊತ್ತಿಗೆ ಶಕ್ತಿ ಸುಮಾರು 30ಕ್ಕೆ ಬಿದ್ದಿತ್ತು. ರಾಡ್‌ಗಳನ್ನು ಎಳೆದು ಎಳೆದು 200ಕ್ಕೆ ತಂದರು. ಅಲ್ಲಿನ ವಿನ್ಯಾಸದಲ್ಲಿ ನೀರು ಕುದಿದಷ್ಟೂ ಶಕ್ತಿ ಏರುತ್ತಿತ್ತು, ನಮ್ಮದಕ್ಕೆ ಪೂರ್ತಿ ಉಲ್ಟಾ. ಮೇಲಾಗಿ ನಿಲ್ಲಿಸುವ ರಾಡ್‌ಗಳ ಕೆಳಗೆ ಗ್ರಾಫೈಟ್ ಇತ್ತು. 1:23:40ಕ್ಕೆ ನಿಲ್ಲಿಸುವ ಬಟನ್ ಒತ್ತಿದಾಗ ರಾಡ್‌ಗಳು ಒಳಗಿಳಿಯುತ್ತಾ ಮೊದಲು ಶಕ್ತಿಯನ್ನು ಏರಿಸಿದವು. ಆಪರೇಟರುಗಳನ್ನೇ ಬೈದು ಮುಗಿಸುವವರು ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ನಿಲ್ಲಿಸುವುದು

ರಾಡ್ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಕೆಳಗೆ ಬೀಳುತ್ತವೆ. ಸರಪಳಿ ಕ್ರಿಯೆ ನಿಂತಿತು. ಬಿಸಿ ನಿಲ್ಲಲಿಲ್ಲ. ಒಡೆದ ಪರಮಾಣುಗಳ ಚೂರುಗಳು ಇನ್ನೂ ಕ್ಷಯಿಸುತ್ತಾ ಬಿಸಿ ಕೊಡುತ್ತಿರುತ್ತವೆ. ನಿಂತ ಕ್ಷಣದಲ್ಲಿ ಮೊದಲಿನ ಶಕ್ತಿಯ ಶೇ. 6ರಿಂದ 7, ಗಂಟೆಯ ಮೇಲೆ ಶೇ. 1.5ರ ಹತ್ತಿರ, ಒಂದು ದಿನ ಕಳೆದರೆ ಶೇ. 0.5ರಷ್ಟು. ಸಣ್ಣ ಅಂಕಿ ಅನ್ನಿಸುತ್ತದೆ. 3000 ಮೆಗಾವ್ಯಾಟಿಗೆ ಲೆಕ್ಕ ಹಾಕಿ ನೋಡಿ: ಮೊದಲ ಕ್ಷಣಕ್ಕೆ 200 ಮೆಗಾವ್ಯಾಟ್, ಗಂಟೆಯ ಮೇಲೆ 45, ಮರುದಿನ 15. ಇದಕ್ಕೆ ಸ್ವಿಚ್ಚೇ ಇಲ್ಲ.

ಹಾಗಾಗಿ ಟ್ರಿಪ್ ಆದ ಕೂಡಲೇ, ಅಂದರೆ ರಾಡ್ ಬಿದ್ದು ರಿಯಾಕ್ಟರ್ ತಟ್ಟನೆ ನಿಂತ ಕೂಡಲೇ, ನಿಮ್ಮ ಕೆಲಸದ ಸಾಲು ಹೀಗಿರಲಿ. ರಾಡ್‌ಗಳೆಲ್ಲ ಕೆಳಗೆ ಬಂದಿವೆಯಾ ನೋಡಿ. ನ್ಯೂಟ್ರಾನ್ ಎಣಿಕೆ ಇಳಿಯುತ್ತಿದೆಯಾ ನೋಡಿ. ಟರ್ಬೈನಿಗೆ ಹೋಗುವ ಆವಿ ನಿಂತಿತಾ, ಸ್ಥಾವರಕ್ಕೆ ಹೊರಗಿನ ಕರೆಂಟ್ ಇದೆಯಾ, ಸ್ಟೀಮ್ ಜನರೇಟರಿಗೆ ನೀರು ಹೋಗುತ್ತಿದೆಯಾ. ಆಮೇಲೆ ಮುಖ್ಯವಾದದ್ದು: ಮೊದಲ ಸುತ್ತಿನ ಒತ್ತಡ ಮತ್ತು ತಾಪವನ್ನು ಒಟ್ಟಿಗೆ ನೋಡಿ. ಆ ಒತ್ತಡದಲ್ಲಿ ನೀರು ಕುದಿಯುವ ತಾಪಕ್ಕಿಂತ ಈಗಿನ ತಾಪ ಎಷ್ಟು ಕೆಳಗಿದೆ? ಆ ಅಂತರ ಕರಗುತ್ತಿದ್ದರೆ ನೀರು ಎಲ್ಲೋ ಹೋಗುತ್ತಿದೆ, ಬೇರೆ ಮೀಟರ್ ಏನೇ ಹೇಳಲಿ.

ಈ ಸಾಲು ಬರೆದದ್ದು 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಅಪಘಾತ ಆದಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿನ ಎರಡನೇ ಘಟಕದಲ್ಲಿ ನೀರಿನ ಪಂಪುಗಳು ನಿಂತವು. ಒತ್ತಡ ಏರಿ, ಅದನ್ನು ಬಿಡುವ ವಾಲ್ವ್ ತೆರೆಯಿತು. ರಿಯಾಕ್ಟರ್ ಸರಿಯಾಗೇ ಟ್ರಿಪ್ ಆಯಿತು. ಒತ್ತಡ ಇಳಿದ ಮೇಲೆ ವಾಲ್ವ್ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಪ್ಯಾನೆಲ್ಲಿನ ದೀಪ ಮಾತ್ರ ಆರಿತ್ತು. ಆ ದೀಪ ತೋರಿಸುತ್ತಿದ್ದದ್ದು ಮುಚ್ಚು ಎಂಬ ಆದೇಶ ಹೋಗಿದೆ ಅಂತ ಅಷ್ಟೇ; ವಾಲ್ವ್ ನಿಜಕ್ಕೂ ಮುಚ್ಚಿತೋ ಇಲ್ಲವೋ ಅದಕ್ಕೆ ಗೊತ್ತಿರಲಿಲ್ಲ. ಇನ್ನೊಂದು ಮೀಟರ್ ನೀರು ಜಾಸ್ತಿ ಇದೆ ಅಂತ ತೋರಿಸಿತು. ಆಪರೇಟರುಗಳು ತಾನಾಗೇ ಬರುತ್ತಿದ್ದ ತುರ್ತು ನೀರನ್ನು ಕಮ್ಮಿ ಮಾಡಿದರು. ಎರಡು ಗಂಟೆಗೂ ಜಾಸ್ತಿ ನೀರು ಸೋರಿತು, ಇಂಧನದಲ್ಲಿ ಅರ್ಧದಷ್ಟು ಕರಗಿತು. ಸುತ್ತಲಿನ ಕಾಂಕ್ರೀಟ್ ಕಟ್ಟಡ ತಡೆದುಕೊಂಡಿದ್ದರಿಂದ ಹೊರಗೆ ಹೋದದ್ದು ಕಮ್ಮಿ.

ನಾನು ಸಿಮ್ಯುಲೇಟರಿನಲ್ಲಿ ಇದೇ ದೋಷ ಕೊಟ್ಟು ನೋಡುತ್ತೇನೆ, ಹೆಸರು ಹೇಳದೆ. ಕಥೆ ಬಾಯಿಪಾಠ ಇರುವವರೂ ನೂರು ಅಲಾರಂ ಒಟ್ಟಿಗೆ ಕೂಗುವಾಗ ಮೊದಲು ದೀಪವನ್ನೇ ನಂಬುತ್ತಾರೆ. ಎರಡನೇ ಗುರುತು ಹುಡುಕುವ ಅಭ್ಯಾಸ ಕೈಗೆ ಬರುವ ತನಕ ಬಿಡುವುದಿಲ್ಲ: ವಾಲ್ವಿನ ಕೆಳಗಿನ ಪೈಪಿನ ತಾಪ, ಸೋರಿದ ನೀರು ಹೋಗುವ ಟ್ಯಾಂಕಿನ ಒತ್ತಡ.

ಹೊರಗಿನ ಕರೆಂಟ್ ಹೋದರೆ ಡೀಸೆಲ್ ಜನರೇಟರ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬರಬೇಕು. 2011ರ ಮಾರ್ಚ್ 11ರಂದು ಫುಕುಶಿಮಾ ದೈಚಿಯಲ್ಲಿ ಬಂದವು ಕೂಡ. ಭೂಕಂಪಕ್ಕೆ ಓಡುತ್ತಿದ್ದ ಮೂರೂ ರಿಯಾಕ್ಟರ್ ಟ್ರಿಪ್ ಆದವು, ಡೀಸೆಲ್ ಓಡಿತು. ಸುಮಾರು 50 ನಿಮಿಷದ ಮೇಲೆ ಸುನಾಮಿ ಬಂದು ತಗ್ಗಿನಲ್ಲಿದ್ದ ಡೀಸೆಲ್ ಮತ್ತು ಸ್ವಿಚ್ ಬೋರ್ಡ್‌ಗಳನ್ನು ಮುಳುಗಿಸಿತು. ಮೂರರ ಇಂಧನವೂ ಕರಗಿತು. ಅದೇ ಆವರಣದ 5 ಮತ್ತು 6ನೇ ಘಟಕ ಉಳಿದದ್ದು ಎತ್ತರದ ಜಾಗದಲ್ಲಿದ್ದ, ಗಾಳಿಯಿಂದ ತಣಿಯುವ ಒಂದೇ ಒಂದು ಡೀಸೆಲ್ ಜನರೇಟರಿನಿಂದ. ಆದ್ದರಿಂದ ನಿಮ್ಮ ಸ್ಥಾವರದಲ್ಲಿ ಡೀಸೆಲ್ ಎಷ್ಟಿವೆ ಅಂತ ಕಲಿತರೆ ಸಾಲದು. ಎಲ್ಲಿವೆ, ಯಾವ ನೀರಿನಿಂದ ತಣಿಯುತ್ತವೆ, ಅದರ ಕೇಬಲ್ ಯಾವ ಕೋಣೆಯಲ್ಲಿ ಹಾದುಹೋಗುತ್ತದೆ, ಇದನ್ನೆಲ್ಲ ನಡೆದು ನೋಡಿ ಬನ್ನಿ.

ಇಂಧನ ಬದಲಾಯಿಸುವಾಗ

ರಿಯಾಕ್ಟರ್ ನಿಂತಿದೆ, ಮುಚ್ಚಳ ತೆಗೆದಿದೆ, ಎಲ್ಲೆಲ್ಲೂ ಕೆಲಸದವರು. ಹೊಸಬರು ಈಗ ಆರಾಮ ಅಂದುಕೊಳ್ಳುತ್ತಾರೆ. ಇಂಧನದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಹೊರತೆಗೆದು ಆಳವಾದ ನೀರಿನ ಕೊಳಕ್ಕೆ ಸಾಗಿಸುತ್ತಾರೆ. ಎಲ್ಲವೂ ನೀರಿನೊಳಗೇ. ಆಗ ಕಾಣುವ ನೀಲಿ ಬೆಳಕನ್ನು ನೋಡಲು ಎಲ್ಲರೂ ಬರುತ್ತಾರೆ, ನೀವೂ ನೋಡಿ, ತಪ್ಪೇನಿಲ್ಲ. ಕೊಳದಲ್ಲಿ ವರ್ಷಗಟ್ಟಲೆ ತಣಿದ ಮೇಲೆ ಉಕ್ಕು ಮತ್ತು ಕಾಂಕ್ರೀಟಿನ ಒಣ ಪೆಟ್ಟಿಗೆಗೆ ಹೋಗಬಹುದು.

ಆದರೆ ಮುಚ್ಚಳ ತೆಗೆಯುವ ಮೊದಲು, ಕೆಲವು ಕೆಲಸಕ್ಕಾಗಿ ರಿಯಾಕ್ಟರಿನ ನೀರನ್ನು ಪೈಪುಗಳ ಅರ್ಧ ಮಟ್ಟಕ್ಕೆ ಇಳಿಸುವ ಒಂದು ಹೊತ್ತಿದೆ. ನೀರು ಕಮ್ಮಿ, ನಿಂತು ಕೆಲವೇ ದಿನವಾದ್ದರಿಂದ ಬಿಸಿ ಇನ್ನೂ ಜಾಸ್ತಿ. ತಣಿಸುವ ಪಂಪು ಗಾಳಿ ಎಳೆದುಕೊಂಡರೆ ಹರಿವು ನಿಂತೇ ಹೋಗುತ್ತದೆ. ಅದಕ್ಕೇ ಕಂಟ್ರೋಲ್ ರೂಮಿನ ಬೋರ್ಡಿನಲ್ಲಿ ಆಗ ಒಂದು ಅಂಕಿ ಬರೆದಿರುತ್ತಾರೆ: ಪಂಪು ಈಗ ನಿಂತರೆ ನೀರು ಕುದಿಯಲು ಎಷ್ಟು ನಿಮಿಷ. ಶಿಫ್ಟಿಗೆ ಬಂದ ಕೂಡಲೇ ಅದನ್ನು ಓದಿ, ಹಿಂದಿನ ಶಿಫ್ಟಿನವರನ್ನು ಆ ಲೆಕ್ಕ ಯಾವಾಗ ಮಾಡಿದ್ದು ಅಂತ ಕೇಳಿ, ಸಹಿ ಹಾಕುವ ಮೊದಲು ನೀವೇ ಒಮ್ಮೆ ಹಾಕಿ ನೋಡಿ. ನಿಮ್ಮ ಅಂಕಿ ಬೋರ್ಡಿನದಕ್ಕಿಂತ ಕಮ್ಮಿ ಬಂದರೆ, ಯಾರದು ಸರಿ ಅಂತ ಗೊತ್ತಾಗುವ ತನಕ ನೀರಿನ ಮಟ್ಟ ಇಳಿಸುವ ಕೆಲಸಕ್ಕೆ ಒಪ್ಪಬೇಡಿ.